ತಿಳಿನೀರಿನಲ್ಲಿ ಅಡಗಿದ ಫ್ಲೋರೈಡ್

ಶರಣ ಪರಂಪರೆಯಲ್ಲಿ ನೀರಿಗೆ ಇರುವ ಸ್ಥಾನವನ್ನು ಸದ್ಭಕ್ತರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಅಷ್ಟಾವರಣಗಳಲ್ಲಿ ಪಾದೋದಕವೂ ಒಂದು. ಇಷ್ಟಲಿಂಗಕ್ಕೆ ಮಜ್ಜನವೆರೆಯುವುದು ನೀರಿನಿಂದಲೇ. ದಾಸೋಹದ ಒಲೆಯ ಮೇಲೆ ಮೊದಲು ಏರುವುದೂ ನೀರಿನ ಕೊಪ್ಪರಿಗೆಯೇ. ಇಷ್ಟು ಪೂಜ್ಯವಾದ ನೀರೇ ಕೆಲವು ಸೀಮೆಗಳಲ್ಲಿ ಯಾರ ಕಣ್ಣಿಗೂ ಬೀಳದಂತೆ ಮಕ್ಕಳ ಹಲ್ಲನ್ನು ಕಂದಿಸುತ್ತ, ಹಿರಿಯರ ಬೆನ್ನನ್ನು ಬಿಗಿಯುತ್ತ ಬಂದಿದೆ. ಅದರಲ್ಲಿ ಕರಗಿರುವ ಫ್ಲೋರೈಡ್ ಎಂಬ ಅಂಶವೇ ಇದಕ್ಕೆ ಕಾರಣ. ಅತಿಯಾದ ಫ್ಲೋರೈಡಿನಿಂದ ಬರುವ ಈ ವ್ಯಾಧಿಗೆ ಫ್ಲೋರೋಸಿಸ್ ಎಂದು ಹೆಸರು.

ತುಮಕೂರು ಜಿಲ್ಲೆಯ ಪಾವಗಡ, ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕುಗಳ ಹೆಸರು ಈ ಸಂಬಂಧವಾಗಿ ಬಹುಕಾಲದಿಂದ ಕೇಳಿಬರುತ್ತಿದೆ. ಚಿತ್ರದುರ್ಗ, ಕೊಪ್ಪಳ, ಬಳ್ಳಾರಿ, ರಾಯಚೂರು, ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಬಯಲುಸೀಮೆಯ ಜಿಲ್ಲೆಗಳಲ್ಲಿಯೂ ಅನೇಕ ಗ್ರಾಮಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿದೆ. ಊರಿನ ಎಲ್ಲ ಮಕ್ಕಳ ಹಲ್ಲೂ ಹಳದಿಯಾಗಿರುವಾಗ ಅದನ್ನು ರೋಗವೆಂದು ಯಾರೂ ಎಣಿಸುವುದಿಲ್ಲ. ನಲವತ್ತಕ್ಕೇ ಸೊಂಟ ಹಿಡಿದರೆ ವಾತವೆನ್ನುತ್ತಾರೆ. ಬೆನ್ನು ಬಾಗಿದರೆ ವಯಸ್ಸೆನ್ನುತ್ತಾರೆ. ಪೂರ್ವಜನ್ಮದ ಕರ್ಮವೆಂದು ಕೈಚೆಲ್ಲುವವರೂ ಉಂಟು. ವಿಧಿಯೆಂದು ಒಪ್ಪಿ ಕುಳಿತಿರುವುದು ಶರಣಮಾರ್ಗವಲ್ಲ. ಕಾರಣವನ್ನು ಅರಿತರೆ ಈ ವ್ಯಾಧಿಯನ್ನು ಬಾರದಂತೆ ತಡೆಯಬಹುದು.

ಕಾರಣ ತಿಳಿದ ಬಗೆ

ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಎಂಬ ಊರಿಗೆ 1901ರಲ್ಲಿ ವೃತ್ತಿಗೆಂದು ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು, ಅಲ್ಲಿಯೇ ಹುಟ್ಟಿ ಬೆಳೆದವರ ಹಲ್ಲುಗಳ ಮೇಲೆ ಕಂದುಬಣ್ಣದ ಕಲೆಗಳನ್ನು ಕಂಡು ಬೆರಗಾದರು. ನೀರಿನಲ್ಲಿ ಏನೋ ಇದೆಯೆಂಬ ಅನುಮಾನ ಅವರಲ್ಲಿ ಬಲವಾಯಿತು. ಆದರೂ ಆ ‘ಏನೋ’ ಎಂಬುದು ಫ್ಲೋರೈಡ್ ಎಂದು ರಸಾಯನಶಾಸ್ತ್ರಜ್ಞ ಚರ್ಚಿಲ್ ಅವರ ಪರೀಕ್ಷೆಯಿಂದ ಖಚಿತವಾದದ್ದು 1931ರಲ್ಲಿ. ಭಾರತದಲ್ಲಿ ಮೂಳೆಗಳನ್ನು ಬಾಧಿಸುವ ಫ್ಲೋರೋಸಿಸ್ ಕುರಿತ ಮೊದಲ ವರದಿ 1937ರಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ಬಂದಿತು. ಬೆನ್ನೆಲುಬು ಬಿದಿರಿನಂತೆ ಬಿಗಿದು ನಿಂತ ರೈತರು ಆ ವೈದ್ಯರ ಗಮನ ಸೆಳೆದಿದ್ದರು.

ಆ ಬಳಿಕ ನಡೆದ ಸಂಶೋಧನೆಗಳಲ್ಲಿ ಭೂವಿಜ್ಞಾನ, ವೈದ್ಯಶಾಸ್ತ್ರ, ಸಾರ್ವಜನಿಕ ಆರೋಗ್ಯ ಮೂರೂ ಕೂಡಿಕೊಂಡಿವೆ. ಸ್ವಿಟ್ಜರ್ಲೆಂಡಿನ ಈವಾಗ್ ಜಲವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಶಿಲೆ, ಮಣ್ಣು, ಹವಾಮಾನಗಳ ಮಾಹಿತಿಯನ್ನು ಕೂಡಿಸಿ ಭಾರತದ ಫ್ಲೋರೈಡ್ ನಕ್ಷೆಯೊಂದನ್ನು 2018ರಲ್ಲಿ ಪ್ರಕಟಿಸಿದರು. ಅವರ ಅಂದಾಜಿನಂತೆ ದೇಶದ ಸುಮಾರು 12 ಕೋಟಿ ಜನರು ಅಪಾಯದ ಪ್ರದೇಶದಲ್ಲಿದ್ದಾರೆ.

ನೆಲದಾಳದಲ್ಲಿ ನಡೆಯುವುದೇನು?

ನಮ್ಮ ಬಯಲುಸೀಮೆಯ ಅಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಜಾತಿಯ ಪುರಾತನ ಗಟ್ಟಿಶಿಲೆಗಳು. ಫ್ಲೋರೈಟ್, ಅಪಟೈಟ್, ಕಾಗೆಬಂಗಾರದ ಜಾತಿಯ ಬಯೊಟೈಟ್ ಮುಂತಾದ ಖನಿಜಗಳಲ್ಲಿ ಫ್ಲೋರೈಡ್ ಸಹಜವಾಗಿಯೇ ಇರುತ್ತದೆ. ನೀರು ಈ ಶಿಲೆಗಳ ಬಿರುಕಿನಲ್ಲಿ ಹೆಚ್ಚು ಕಾಲ ನಿಂತಷ್ಟೂ ಫ್ಲೋರೈಡ್ ಹೆಚ್ಚು ಕರಗುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಹೇರಳವಾಗಿದ್ದರೆ ಅದು ಫ್ಲೋರೈಡನ್ನು ಹಿಡಿದು ಮತ್ತೆ ಕಲ್ಲಾಗಿಸಿಬಿಡುತ್ತದೆ. ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಾ ಕ್ಷಾರ ಹೆಚ್ಚಿದ್ದರೆ ಹಿಡಿಯುವವರಿಲ್ಲದೆ ಫ್ಲೋರೈಡ್ ನೀರಿನಲ್ಲಿಯೇ ಉಳಿಯುತ್ತದೆ.

ಹಿಂದಿನವರು ಕುಡಿದದ್ದು ಕೆರೆಯ ನೀರನ್ನು, ಕೆರೆಯ ಬಸಿಯಿಂದ ತುಂಬುತ್ತಿದ್ದ ತೆರೆದ ಬಾವಿಯ ನೀರನ್ನು. ಅದು ಬಹುಮಟ್ಟಿಗೆ ಆಯಾ ವರ್ಷದ ಮಳೆಯ ನೀರೇ. ಕಲ್ಲಿನೊಡನೆ ಅದರ ಸಹವಾಸ ಅಲ್ಪಕಾಲದ್ದು. ಕೆರೆಗಳು ಹೂಳು ತುಂಬಿ, ಬಾವಿಗಳು ಬತ್ತಿ, ನಾವು ನೂರಾರು ಅಡಿ ಆಳಕ್ಕೆ ಕೊಳವೆ ಇಳಿಸಿದಾಗ ಮೇಲೆ ಬಂದದ್ದು ದೀರ್ಘಕಾಲ ಶಿಲೆಯ ಮಡಿಲಲ್ಲಿದ್ದ ಹಳೆಯ ನೀರು. ಅದು ಸ್ಫಟಿಕದಂತೆ ತಿಳಿಯಾಗಿರುತ್ತದೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಆದುದರಿಂದ ತಿಳಿಯಾಗಿದೆಯೆಂಬ ಒಂದೇ ಕಾರಣಕ್ಕೆ ನೀರನ್ನು ನಂಬುವಂತಿಲ್ಲ.

ದೇಹದಲ್ಲಿ ನಡೆಯುವುದೇನು?

ಅಲ್ಪ ಪ್ರಮಾಣದ ಫ್ಲೋರೈಡ್ ಹಲ್ಲು ಹುಳುಕಾಗದಂತೆ ಕಾಯುತ್ತದೆ. ಪ್ರಮಾಣ ಮೀರಿದಾಗ ಹಲ್ಲನ್ನೂ ಮೂಳೆಯನ್ನೂ ಕೆಡಿಸುತ್ತದೆ. ದೇಹ ಸೇರಿದ ಫ್ಲೋರೈಡಿನ ಒಂದಂಶ ಮೂತ್ರದಲ್ಲಿ ಹೊರಹೋಗುತ್ತದೆ. ಉಳಿದದ್ದು ಹೆಚ್ಚುಕಡಿಮೆ ಎಲ್ಲವೂ ಮೂಳೆ ಮತ್ತು ಹಲ್ಲುಗಳಲ್ಲಿ ಸಂಗ್ರಹವಾಗುತ್ತದೆ. ವಯಸ್ಕರ ದೇಹ ಹೀರಿಕೊಂಡ ಫ್ಲೋರೈಡಿನ ಸುಮಾರು ಅರ್ಧವನ್ನು ಉಳಿಸಿಕೊಂಡರೆ, ಬೆಳೆಯುವ ಮಗುವಿನ ದೇಹ ಅದಕ್ಕಿಂತ ಬಹಳ ಹೆಚ್ಚು ಉಳಿಸಿಕೊಳ್ಳುತ್ತದೆ. ಮೂತ್ರಪಿಂಡ ದುರ್ಬಲವಾದವರಲ್ಲಿಯೂ ಸಂಗ್ರಹ ಹೆಚ್ಚು.

ಹಲ್ಲಿನ ಹೊರಕವಚ ರೂಪುಗೊಳ್ಳುವುದು ಹಲ್ಲು ವಸಡಿನೊಳಗೆ ಇರುವಾಗಲೇ. ಆದುದರಿಂದ ಹುಟ್ಟಿನಿಂದ ಸುಮಾರು ಎಂಟು ವರ್ಷಗಳವರೆಗೆ ಮಗು ಕುಡಿದ ನೀರು ಅದರ ಶಾಶ್ವತ ಹಲ್ಲಿನ ಮೇಲೆ ಬರೆಯಲ್ಪಡುತ್ತದೆ. ಮೊದಲು ಸುಣ್ಣದಂತಹ ಬಿಳಿ ಮಚ್ಚೆ, ಮುಂದೆ ಹಳದಿ ಅಥವಾ ಕಂದು ಬಣ್ಣದ ಅಡ್ಡಗೆರೆಗಳು. ಎಷ್ಟು ಉಜ್ಜಿದರೂ ಇವು ಹೋಗುವುದಿಲ್ಲ. ಏಕೆಂದರೆ ಇದು ಮೇಲೆ ಅಂಟಿದ ಕೊಳೆಯಲ್ಲ. ನಗುವಾಗ ಕೈ ಅಡ್ಡ ಹಿಡಿಯುವ ಹುಡುಗ ಹುಡುಗಿಯರನ್ನು ಹಲ್ಲುಜ್ಜುವುದಿಲ್ಲವೆಂದು ಗದರಿಸುವುದು ಅನ್ಯಾಯ.

ವರ್ಷಗಳು ಉರುಳಿದಂತೆ ಮೂಳೆ ಒರಟಾಗಿ ದಪ್ಪವಾಗುತ್ತದೆ. ಕೀಲುಗಳನ್ನು ಬಿಗಿಯುವ ಅಸ್ಥಿರಜ್ಜುಗಳಲ್ಲಿ ಕ್ಯಾಲ್ಸಿಯಂ ಕಟ್ಟಿಕೊಳ್ಳುತ್ತದೆ. ಮೊಣಕಾಲು ಮಡಚದೆ ಬಾಗಿ ಕಾಲ್ಬೆರಳು ಮುಟ್ಟಲಾಗದಿರುವುದು, ಗದ್ದವನ್ನು ಎದೆಗೆ ತಾಗಿಸಲಾಗದಿರುವುದು, ಕೈಗಳನ್ನು ತಲೆಯ ಹಿಂದೆ ಒಯ್ಯಲಾಗದಿರುವುದು ಇದರ ಲಕ್ಷಣಗಳು. ಇವು ಬೇರೆ ಕಾರಣಗಳಿಂದಲೂ ಬರಬಹುದಾದ್ದರಿಂದ ವೈದ್ಯರ ಪರೀಕ್ಷೆ ಅವಶ್ಯ. ವ್ಯಾಧಿ ಮುಂದುವರಿದಾಗ ನೆಲದ ಮೇಲೆ ಕುಳಿತು ಇಷ್ಟಲಿಂಗಪೂಜೆ ಮಾಡುವುದೂ ಕಷ್ಟವಾಗುತ್ತದೆ. ಅತಿ ತೀವ್ರವಾದರೆ ಬೆನ್ನುಹುರಿ ಒತ್ತಿ ಕಾಲುಗಳು ಸ್ವಾಧೀನ ತಪ್ಪಬಹುದು.

ಈಚಿನ ಸಂಶೋಧನೆ ಮಕ್ಕಳ ಮಿದುಳಿನತ್ತಲೂ ಕಣ್ಣು ಹಾಯಿಸಿದೆ. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮವು 2024ರಲ್ಲಿ ಲಭ್ಯ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಸೇವನೆಗೂ ಮಕ್ಕಳ ಬುದ್ಧಿಸೂಚ್ಯಂಕ ತಗ್ಗುವುದಕ್ಕೂ ನಂಟಿದೆ ಎಂದು ಮಧ್ಯಮ ಮಟ್ಟದ ವಿಶ್ವಾಸದಿಂದ ಹೇಳಿತು. 2025ರ ಆರಂಭದಲ್ಲಿ ಪ್ರಕಟವಾದ, 74 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೂ ಅದೇ ದಿಕ್ಕನ್ನು ತೋರಿಸಿತು. ಇವುಗಳಲ್ಲಿ ಹಲವು ಅಧ್ಯಯನಗಳ ಗುಣಮಟ್ಟ ಸಾಧಾರಣವಾದುದು. ಕಡಿಮೆ ಪ್ರಮಾಣದ ಫ್ಲೋರೈಡಿನ ಬಗೆಗೆ ಚರ್ಚೆ ಇನ್ನೂ ನಡೆದಿದೆ. ಆದರೆ ನಮ್ಮ ಬಯಲುಸೀಮೆಯ ಪ್ರಶ್ನೆ ಕಡಿಮೆ ಪ್ರಮಾಣದ್ದಲ್ಲ, ಮಿತಿ ಮೀರಿದ್ದರದು.

ಮಿತಿಯ ಲೆಕ್ಕ

ಭಾರತೀಯ ಮಾನಕ ಬ್ಯೂರೋದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದಲ್ಲಿ ಮಾತ್ರ 1.5ರವರೆಗೆ ಸಹಿಸಬಹುದು. ದಿನಕ್ಕೆ ಎಲ್ಲ ಮೂಲಗಳಿಂದ ಒಟ್ಟು 6 ಮಿಲಿಗ್ರಾಂ ಮೀರಿದರೆ ಮೂಳೆಗಳಿಗೆ ಅಪಾಯದ ಸೂಚನೆಗಳಿವೆ, 14 ಮಿಲಿಗ್ರಾಂ ತಲುಪಿದರೆ ಅಪಾಯ ಸ್ಪಷ್ಟ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಈಗ ಬೇಸಿಗೆಯಲ್ಲಿ ಹೊಲದ ಕಾಯಕ ಮಾಡುವ ಒಬ್ಬ ರೈತನನ್ನು ನೆನೆಯೋಣ. ದಿನಕ್ಕೆ ಐದು ಲೀಟರು ನೀರು ಕುಡಿಯುವುದು ಅವನಿಗೆ ಅಸಹಜವಲ್ಲ. ನೀರಿನಲ್ಲಿ 1.5 ಮಿಲಿಗ್ರಾಂ ಇದ್ದರೂ ಅವನ ದೇಹಕ್ಕೆ 7.5 ಮಿಲಿಗ್ರಾಂ ಸೇರಿತು. 3 ಮಿಲಿಗ್ರಾಂ ಇದ್ದರೆ 15 ಆಯಿತು. ಬಿಸಿಲ ನಾಡಿನಲ್ಲಿ ಮೈಮುರಿದು ದುಡಿಯುವವರಿಗೆ 1.5 ಎಂಬುದು ನೆಮ್ಮದಿಯ ಮಿತಿಯಲ್ಲ.

ಇದಕ್ಕಿಂತಲೂ ನಾವು ಮರೆಯುವ ಸಂಗತಿಯೊಂದಿದೆ. ಈಗ ಬಹುತೇಕ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಜನ ನಾಣ್ಯ ಹಾಕಿ ಕ್ಯಾನು ತುಂಬಿಸಿ ತರುತ್ತಾರೆ. ಆ ನೀರು ಲೋಟಕ್ಕೆ ಮಾತ್ರ. ಅಡುಗೆಗೆ ನಲ್ಲಿಯಲ್ಲಿ ಬರುವ ಕೊಳವೆಬಾವಿಯ ನೀರೇ. ಅನ್ನ, ಬೇಳೆ, ಅಂಬಲಿ, ಮುದ್ದೆ, ರೊಟ್ಟಿಯ ಹಿಟ್ಟು, ಚಹಾ, ಎಲ್ಲವೂ ಆ ನೀರನ್ನು ಹೀರಿಕೊಂಡು ಫ್ಲೋರೈಡನ್ನು ತಟ್ಟೆಗೆ ತರುತ್ತವೆ. ಕುದಿಸಿದರೆ ಕ್ರಿಮಿ ಸಾಯುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ಹತ್ತು ಲೀಟರು ನೀರು ಕುದಿದು ಎಂಟಕ್ಕೆ ಇಳಿದರೆ ಅಷ್ಟೇ ಫ್ಲೋರೈಡ್ ಎಂಟು ಲೀಟರಿನಲ್ಲಿ ಉಳಿದು ಇನ್ನಷ್ಟು ಸಾಂದ್ರವಾಗುತ್ತದೆ. ಬಟ್ಟೆಯ ಸೋಸಣೆ, ಸಾಮಾನ್ಯ ಕ್ಯಾಂಡಲ್ ಫಿಲ್ಟರ್‌ಗಳಿಂದಲೂ ಅದು ನಿಲ್ಲದು. ಅಂಗನವಾಡಿ, ಶಾಲೆಯ ಬಿಸಿಯೂಟ, ಉಚಿತ ಪ್ರಸಾದನಿಲಯ, ಜಾತ್ರೆಯ ದಾಸೋಹ, ಇವುಗಳಲ್ಲಿ ನೂರಾರು ಜನರಿಗೆ ಒಂದೇ ಕೊಪ್ಪರಿಗೆಯಲ್ಲಿ ಬೇಯುತ್ತದೆಯಾದ್ದರಿಂದ ಅಲ್ಲಿಯ ಅಡುಗೆಯ ನೀರನ್ನು ಮೊದಲು ಪರೀಕ್ಷಿಸಬೇಕು.

ಮಾಡಬೇಕಾದುದು

ಮೂಳೆಯಲ್ಲಿ ಸೇರಿದ ಫ್ಲೋರೈಡನ್ನು ಕರಗಿಸಿ ತೆಗೆಯುವ ಔಷಧವಿಲ್ಲ. ಹಾಗೆಂದು ಹೇಳಿ ಹಣ ಕೀಳುವವರನ್ನು ನಂಬಬಾರದು. ಮುಂದೆ ಸೇರದಂತೆ ತಡೆಯುವುದೇ ಚಿಕಿತ್ಸೆಯ ಮೊದಲ ಹೆಜ್ಜೆ.

ಮೊದಲನೆಯದು ಪರೀಕ್ಷೆ. ಗ್ರಾಮೀಣ ಕುಡಿಯುವ ನೀರು ಸರಬರಾಜು ಇಲಾಖೆಯ ಪ್ರಯೋಗಾಲಯಗಳಲ್ಲಿ ಫ್ಲೋರೈಡ್ ಅಳೆಯುತ್ತಾರೆ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಅಡಿಯಲ್ಲಿ ಸ್ಥಳದಲ್ಲೇ ನೀರು ಪರೀಕ್ಷಿಸುವ ಕಿಟ್‌ಗಳ ಬಳಕೆಯನ್ನು ಗ್ರಾಮದ ಮಹಿಳೆಯರಿಗೆ ಕಲಿಸಲಾಗಿದೆ. ಪಕ್ಕಪಕ್ಕದ ಎರಡು ಕೊಳವೆಬಾವಿಗಳಲ್ಲಿಯೂ ಪ್ರಮಾಣ ಬೇರೆಯಾಗಿರಬಹುದು. ಆದ್ದರಿಂದ ಪ್ರತಿ ಬಾವಿಯನ್ನೂ ಮಳೆಗಾಲದ ನಂತರ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಪರೀಕ್ಷಿಸುವುದು ಲೇಸು.

ಎರಡನೆಯದು ಶುದ್ಧೀಕರಣ. ನಾಗಪುರದ ನೀರಿ ಸಂಸ್ಥೆಯವರು ರೂಪಿಸಿದ ನಲಗೊಂಡ ವಿಧಾನದಲ್ಲಿ ಸುಣ್ಣ ಮತ್ತು ಪಟಕ, ಅಂದರೆ ಆಲಂ, ಬೆರೆಸಿ ಫ್ಲೋರೈಡನ್ನು ತಳಕ್ಕಿಳಿಸುತ್ತಾರೆ. ಇಂದಿನ ಘಟಕಗಳು ಬಹುತೇಕ ಆರ್.ಓ. ವಿಧಾನದವು. ಇವು ಫ್ಲೋರೈಡನ್ನು ಚೆನ್ನಾಗಿ ತೆಗೆಯುತ್ತವೆ. ಆದರೆ ಒಳಗಿನ ಪೊರೆಯನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಹೆಸರಿಗಷ್ಟೇ ಶುದ್ಧ. ತೆಗೆದ ಫ್ಲೋರೈಡೆಲ್ಲ ಹೊರಬಿಡುವ ತ್ಯಾಜ್ಯನೀರಿನಲ್ಲಿ ಇರುತ್ತದೆ. ಅದನ್ನು ಹಳೆಯ ಬಾವಿಗೆ ಬಿಟ್ಟರೆ ವಿಷವನ್ನು ಮರಳಿ ಬಿತ್ತಿದಂತೆ.

ಮೂರನೆಯದೂ ಶಾಶ್ವತವಾದದ್ದೂ ಮಳೆ. ಮಳೆನೀರಿನಲ್ಲಿ ಫ್ಲೋರೈಡ್ ಅತ್ಯಲ್ಪ. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರು. ವರ್ಷಕ್ಕೆ 500 ಮಿಲಿಮೀಟರ್ ಮಳೆಯಾಗುವ ಕಡೆ 50 ಚದರ ಮೀಟರ್ ಮಾಳಿಗೆಗೆ 25,000 ಲೀಟರು ಬೀಳುತ್ತದೆ. ಐದನೆಯ ಒಂದು ಪಾಲು ನಷ್ಟವಾದರೂ 20,000 ಉಳಿಯಿತು. ಐದು ಜನರ ಕುಟುಂಬಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರಿನಂತೆ ವರ್ಷಕ್ಕೆ ಬೇಕಾದದ್ದು 9,125 ಲೀಟರು. ಮಾಳಿಗೆ ಗುಡಿಸಿ, ಮೊದಲ ಮಳೆಯ ನೀರನ್ನು ಹೊರಬಿಟ್ಟು, ಜಲ್ಲಿ ಮರಳಿನಲ್ಲಿ ಸೋಸಿ, ಬೆಳಕು ಬೀಳದ ಮುಚ್ಚಿದ ತೊಟ್ಟಿಯಲ್ಲಿ ಹಿಡಿದಿಡಬೇಕು. ಕುಡಿಯುವ ಮುನ್ನ ಕುದಿಸಬೇಕು. ಕೆರೆಯ ಹೂಳೆತ್ತಿ ನೀರು ನಿಲ್ಲಿಸಿದರೆ ಊರಿನ ಅಂತರ್ಜಲಕ್ಕೂ ಹೊಸ ನೀರು ಕೂಡುತ್ತದೆ.

ನಾಲ್ಕನೆಯದು ಆಹಾರ. ಹಾಲು, ಮಜ್ಜಿಗೆ, ರಾಗಿ, ಎಳ್ಳು, ನುಗ್ಗೆಸೊಪ್ಪುಗಳಲ್ಲಿರುವ ಕ್ಯಾಲ್ಸಿಯಂ ಕರುಳಿನಲ್ಲಿಯೇ ಫ್ಲೋರೈಡನ್ನು ಹಿಡಿದು ಅದು ರಕ್ತ ಸೇರುವುದನ್ನು ತಗ್ಗಿಸುತ್ತದೆ. ನೆಲ್ಲಿಕಾಯಿ, ನಿಂಬೆ, ಸೀಬೆಹಣ್ಣುಗಳನ್ನೂ ಊಟದಲ್ಲಿ ಸೇರಿಸಿಕೊಳ್ಳಬೇಕು. ಕಡುಚಹಾ ಮತ್ತು ಕಪ್ಪು ಉಪ್ಪಿನಲ್ಲಿ ಫ್ಲೋರೈಡ್ ಹೆಚ್ಚಾದ್ದರಿಂದ ಇವನ್ನು ಮಿತಗೊಳಿಸುವುದು ಒಳಿತು. ಗರ್ಭಿಣಿಯರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ದೆಹಲಿಯಲ್ಲಿ ಡಾ. ಸುಶೀಲಾ ಮತ್ತು ಸಂಗಡಿಗರು ರಕ್ತಹೀನತೆಯಿದ್ದ ಗರ್ಭಿಣಿಯರಿಗೆ ಫ್ಲೋರೈಡ್ ತಗ್ಗಿಸಿ ಪೌಷ್ಟಿಕ ಆಹಾರ ಹೆಚ್ಚಿಸಲು ತಿಳಿಸಿಕೊಟ್ಟಾಗ ರಕ್ತದ ಹಿಮೋಗ್ಲೋಬಿನ್ ಏರಿತು, ಹುಟ್ಟಿದ ಶಿಶುಗಳ ತೂಕವೂ ಉತ್ತಮಗೊಂಡಿತು ಎಂದು 2010ರಲ್ಲಿ ವರದಿ ಮಾಡಿದ್ದಾರೆ.

ದಾಸೋಹವೆಂದರೆ ಹಸಿದವರ ತಟ್ಟೆ ತುಂಬುವುದು ಮಾತ್ರವಲ್ಲ, ತುಂಬಿದ್ದು ಅವರಿಗೆ ಹಿತವಾಗಿರುವಂತೆ ನೋಡಿಕೊಳ್ಳುವುದೂ ಹೌದು. ಇಂದು ತೊದಲು ನುಡಿಯುತ್ತಿರುವ ಕೂಸಿನ ಶಾಶ್ವತ ಹಲ್ಲು ಇನ್ನೂ ವಸಡಿನೊಳಗೆ ರೂಪುಗೊಳ್ಳುತ್ತಿದೆ. ಅದನ್ನು ಕಾಪಾಡಲು ಇನ್ನೂ ಸಮಯವಿದೆ. ಸದ್ಭಕ್ತರು ತಮ್ಮ ಮನೆಯ, ಊರಿನ ಶಾಲೆಯ ಅಡುಗೆಯ ನೀರನ್ನು ಒಂದು ಬಾಟಲಿಯಲ್ಲಿ ತುಂಬಿ ಈ ತಿಂಗಳೇ ಪರೀಕ್ಷೆಗೆ ಕಳುಹಿಸಲಿ.