ನೀರಿನಲ್ಲಿ ಬೆಳೆಯುವ ಪತಂಗ

ರಾತ್ರಿ ಹೊತ್ತು ಹೊಲದ ಬದಿಯಲ್ಲಿ ಚಿತ್ರೀಕರಣಕ್ಕೆಂದು ದೀಪ ಹಚ್ಚಿದರೆ ಸಾಕು, ಕ್ಯಾಮೆರಾ ಸಿದ್ಧವಾಗುವ ಮೊದಲೇ ಹುಳುಗಳು ಬಂದು ಮುತ್ತುತ್ತವೆ. ಶಹಾಪುರ, ಸುರಪುರದ ಭತ್ತದ ಗದ್ದೆಗಳ ಹತ್ತಿರ ಹೀಗೆ ಬರುವವುಗಳಲ್ಲಿ ಒಂದು ಪುಟ್ಟ ಬಿಳಿ ಪತಂಗವೂ ಇರಬಹುದು. ರೆಕ್ಕೆಯ ಮೇಲೆ ತಿಳಿಕಂದು ಅಲೆಗೆರೆಗಳನ್ನು ಬಿಟ್ಟರೆ ನೋಡಲು ವಿಶೇಷವೇನೂ ಇಲ್ಲ. ಆದರೆ ಅದರ ಬಾಲ್ಯ ಪತಂಗಗಳ ಕುಲದಲ್ಲೇ ಅಪರೂಪ. ಅದು ಬೆಳೆಯುವುದು ನೀರಿನಲ್ಲಿ!

ಜಗತ್ತಿನಲ್ಲಿ ಗುರುತಿಸಲಾಗಿರುವ ಚಿಟ್ಟೆ, ಪತಂಗಗಳ ಜಾತಿಗಳು ಒಂದೂವರೆ ಲಕ್ಷಕ್ಕೂ ಹೆಚ್ಚು. ಮರಿಹುಳುವಾಗಿ ನೀರಿನಲ್ಲಿ ಬದುಕುವ ಮುಖ್ಯ ಗುಂಪಿನಲ್ಲಿ ಇರುವುದು ಸುಮಾರು 700 ಮಾತ್ರ. ಅವುಗಳಲ್ಲಿ ಒಂದು ನಮ್ಮ ಭತ್ತದ ಕೊಳವೆ ಹುಳು. 1852ರಲ್ಲಿ ಜೆಲ್ಲರ್ ಎಂಬ ಕೀಟವಿಜ್ಞಾನಿ ಇದಕ್ಕೆ ಕೊಟ್ಟ ‘ಸ್ಟ್ಯಾಗ್ನಾಲಿಸ್’ ಎಂಬ ಹೆಸರಿನ ಅರ್ಥವೇ ‘ನಿಂತ ನೀರಿನದು’.

ತಾಯಿ ಪತಂಗ ನೀರಿನ ಮೇಲೆ ತೇಲುವ ಎಲೆಗಳ ಅಡಿಯಲ್ಲಿ ಮೊಟ್ಟೆ ಇಡುತ್ತದೆ. ಕೆಲವೇ ದಿನಗಳಲ್ಲಿ ಹೊರಬರುವ ಮರಿ, ಎಲೆಯ ತುದಿಯನ್ನು ಕತ್ತರಿಸಿ, ತನ್ನ ನೂಲಿನಿಂದ ಹೊಲಿದು ಕೊಳವೆ ಮಾಡಿಕೊಳ್ಳುತ್ತದೆ. ಅದೇ ಮನೆ, ಅದೇ ದೋಣಿ. ಅದರಲ್ಲಿ ತೇಲುತ್ತ ಒಂದು ಸಸಿಯಿಂದ ಇನ್ನೊಂದಕ್ಕೆ ಹೋಗಿ, ಎಲೆಯ ಹಸಿರನ್ನು ಕೆರೆದು ತಿನ್ನುತ್ತದೆ. ಉಳಿಯುವುದು ಕಾಗದದಂಥ ಬಿಳಿ ಪೊರೆ.

ಹಾಗಾದರೆ ಉಸಿರಾಟ? ಸಾಮಾನ್ಯ ಮರಿಹುಳುಗಳು ಮೈಯ ಪಕ್ಕದ ಸಣ್ಣ ರಂಧ್ರಗಳಿಂದ ಗಾಳಿ ಎಳೆದುಕೊಳ್ಳುತ್ತವೆ. ಇದರ ಮೈಯ ಎರಡೂ ಪಕ್ಕದಲ್ಲಿ ಕವಲೊಡೆದ ಕಿವಿರುಗಳಿವೆ. ನೀರಿನಲ್ಲಿ ಕರಗಿದ ಆಮ್ಲಜನಕ ಅವುಗಳ ಮೂಲಕ ದೇಹ ಸೇರುತ್ತದೆ. ಕೊಳವೆಯೊಳಗೂ ಸದಾ ತುಸು ನೀರು ಇರಲೇಬೇಕು. ನೀರು ಒಣಗಿದರೆ ಹುಳು ಸಾಯುತ್ತದೆ.

ಈ ಒಂದು ಸಂಗತಿಯಲ್ಲೇ ರೈತನಿಗೆ ಬೇಕಾದ ಔಷಧವಿದೆ. ಎಳೆಯ ಪೈರಿಗೆ ಹುಳು ಬಿದ್ದಾಗ ಇಬ್ಬರು ಹಗ್ಗದ ಎರಡು ತುದಿ ಹಿಡಿದು ಸಸಿಗಳ ಮೇಲೆ ಎಳೆದರೆ ಕೊಳವೆಗಳು ನೀರಿಗೆ ಉದುರುತ್ತವೆ. ಆಮೇಲೆ ಗದ್ದೆಯ ನೀರನ್ನು ಬಸಿದು ಎರಡು ಮೂರು ದಿನ ಬಿಟ್ಟರೆ ಸಾಕು. ಪೈರು ಬಹುತೇಕ ಚೇತರಿಸಿಕೊಳ್ಳುತ್ತದೆ.

ಹೇಳುವುದು ಸುಲಭ. ನಾರಾಯಣಪುರ ಜಲಾಶಯದ ಕಾಲುವೆ ಬಂದಮೇಲೆ ಜೋಳದ ಹೊಲಗಳೆಷ್ಟೋ ನೆಲ್ಲಿನ ಗದ್ದೆಗಳಾದವು. ನಿಂತ ನೀರಿನ ಜೊತೆ ಈ ಹುಳುವಿಗೂ ನೆಲೆ ಸಿಕ್ಕಿತು. ಆದರೆ ಕಾಲುವೆಯ ಕೊನೆಯಲ್ಲಿರುವ ರೈತ, ಈಗ ನೀರು ಬಿಟ್ಟರೆ ಮತ್ತೆ ಪಾಳಿ ಬರುವುದು ಯಾವಾಗ ಎಂದು ಕೇಳುತ್ತಾನೆ. ಆ ಅಂಜಿಕೆ ಸುಳ್ಳಲ್ಲ. ಅದಕ್ಕೇ ಅವನ ಕೈ ವಿಷದ ಡಬ್ಬಿಯತ್ತ ಹೋಗುತ್ತದೆ. ನಿಂತ ನೀರಿಗೆ ಬಿದ್ದ ವಿಷ ಕೊಳವೆ ಹುಳುವನ್ನಷ್ಟೇ ಆರಿಸಿ ಕೊಲ್ಲುವುದಿಲ್ಲ. ಹುಳು ತಿನ್ನುವ ಜೇಡ, ಕಪ್ಪೆ, ಏರೋಪ್ಲೇನ್ ಚಿಟ್ಟೆಯ ಮರಿಗಳಿಗೂ ಅಪಾಯ. ಗದ್ದೆಯ ನೀರು ಹಳ್ಳಕ್ಕೆ, ಹಳ್ಳದ ನೀರು ಕೆರೆಗೆ. ನೀರುಹಕ್ಕಿಗಳು ನಂಬಿಕೊಂಡಿರುವ ಬೋನಾಳ ಕೆರೆಯೂ ಇದೇ ಸುರಪುರ ತಾಲ್ಲೂಕಿನಲ್ಲಿದೆಯಲ್ಲವೇ? ಬಸಿದ ನೀರನ್ನು ಪಕ್ಕದ ಹೊಂಡದಲ್ಲಿ ಹಿಡಿದಿಟ್ಟು, ಹುಳು ಸೋಸಿ ಮತ್ತೆ ಗದ್ದೆಗೆ ಬಿಡಲಾದೀತೇ ಎಂಬುದು ನೀವು ಯೋಚಿಸಬೇಕಾದ ಪ್ರಶ್ನೆ.

ಅಬ್ಬೆತುಮಕೂರಿನವರಾಗಲಿ, ಯಾದಗಿರಿಯವರಾಗಲಿ, ಮುಂಗಾರಿನಲ್ಲಿ ವಿಷ ಹೊಡೆಯದ ಒಂದು ಗದ್ದೆಯ ಬದುವಿನ ಮೇಲೆ ಕುಳಿತು ನೋಡಿ. ತಗ್ಗಿನ ಮೂಲೆಯಲ್ಲಿ ಎಲೆಯ ತುಂಡೊಂದು ತಾನೇ ನಡೆದಂತೆ ಕಂಡರೆ, ಗಾಜಿನ ಲೋಟದ ನೀರಿನಲ್ಲಿ ಬಿಟ್ಟು ಭೂತಗನ್ನಡಿಯಲ್ಲಿ ಪರೀಕ್ಷಿಸಿ. ಪುಸ್ತಕದ ‘ಕಿವಿರು’ ಎಂಬ ಪದ ಆಗ ಕಣ್ಣೆದುರೇ ಅಲುಗಾಡುತ್ತದೆ.