ಗ್ರೇಡು ಕಾಲೇಜಿನದು, ಕೀಲಿಕೈ ಯಾರದು?

ಪ್ರವೇಶದ ಹಂಗಾಮು ಬಂತೆಂದರೆ ಕಾಲೇಜುಗಳ ಜಾಹೀರಾತಿನಲ್ಲಿ ಹೆಸರಿನ ಪಕ್ಕದಲ್ಲೇ ನ್ಯಾಕ್ ಗ್ರೇಡೂ ಅಚ್ಚಾಗುತ್ತದೆ. ವಿದ್ಯಾಕಾಶಿ ಎನಿಸಿಕೊಂಡ ಧಾರವಾಡ, ಅದರ ಜೋಡಿ ಹುಬ್ಬಳ್ಳಿ ಇದಕ್ಕೆ ಹೊರತಲ್ಲ. ಯುಜಿಸಿ 1994ರಲ್ಲಿ ಸ್ಥಾಪಿಸಿದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ನ್ಯಾಕ್ (ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತು), ಏಳು ಮಾನದಂಡಗಳ ಮೇಲೆ ಕಾಲೇಜನ್ನು ಅಳೆಯುತ್ತ ಬಂದಿದೆ. ಕಾಲೇಜು ಮೊದಲು ತನ್ನ ಬಗ್ಗೆ ತಾನೇ ವರದಿ ಬರೆಯುತ್ತದೆ; ಅದರ ಅಂಕಿಅಂಶಗಳ ತಪಾಸಣೆಯಾದ ಮೇಲೆ ಹೊರಗಿನ ಪ್ರಾಧ್ಯಾಪಕರ ತಂಡ ಪರಿಶೀಲಿಸುತ್ತದೆ. ನಾಲ್ಕಕ್ಕೆ 3.51 ಮುಟ್ಟಿದರೆ ಎ ಪ್ಲಸ್ ಪ್ಲಸ್, 1.50 ದಾಟದಿದ್ದರೆ ಮಾನ್ಯತೆಯೇ ಇಲ್ಲ. ವ್ಯವಸ್ಥೆ ಅಚ್ಚುಕಟ್ಟಾಗಿಯೇ ಇದೆ. ಆದರೆ ಗ್ರೇಡು ಸಿಕ್ಕುವುದು ಕಾಲೇಜಿಗೆ. ಗುಣಮಟ್ಟ ಹೆಚ್ಚಿಸುವ ಅಧಿಕಾರ ಹಲವು ಸಲ ಕಾಲೇಜಿನ ಕೈಯಲ್ಲಿ ಇರುವುದಿಲ್ಲ. ಈ ಅಂತರವನ್ನು ತುಂಬದೆ ಎಷ್ಟು ಸಲ ಮೌಲ್ಯಮಾಪನ ನಡೆಸಿದರೂ ಬದಲಾಗುವುದು ಕಡತಗಳೇ ಹೊರತು ತರಗತಿಯಲ್ಲ.

ಈ ಮಾತಿಗೆ ನ್ಯಾಕ್ ಕೈಪಿಡಿಯ ಅಂಕ ಹಂಚಿಕೆಯೇ ಸಾಕ್ಷಿ. ಒಟ್ಟು 1000 ಅಂಕಗಳಲ್ಲಿ ಪಠ್ಯಕ್ರಮಕ್ಕೆ ವಿಶ್ವವಿದ್ಯಾಲಯಕ್ಕಾದರೆ 150, ಸಂಯೋಜಿತ ಕಾಲೇಜಿಗೆ 100. ಬೋಧನೆ, ಕಲಿಕೆ ಮತ್ತು ಮೌಲ್ಯಮಾಪನಕ್ಕೆ ವಿಶ್ವವಿದ್ಯಾಲಯಕ್ಕೆ 200, ಸಂಯೋಜಿತ ಕಾಲೇಜಿಗೆ 350. ಪಠ್ಯ ರೂಪಿಸುವುದು ಕಾಲೇಜಿನ ಕೆಲಸವಲ್ಲ, ಕಲಿಸುವುದಷ್ಟೇ ಅದರ ಕೆಲಸ ಎಂದು ಒಪ್ಪಿಕೊಂಡೇ ಹೀಗೆ ಹಂಚಲಾಗಿದೆ. ಸರಿ, ಆದರೆ ಆ 350 ಅಂಕಗಳೊಳಗೆ ಮಂಜೂರಾದ ಹುದ್ದೆಗಳಲ್ಲಿ ಎಷ್ಟು ಭರ್ತಿಯಾಗಿವೆ ಎಂಬ ಲೆಕ್ಕವೂ ಸೇರಿದೆ. ಸರ್ಕಾರಿ ಕಾಲೇಜಿಗೆ ಉಪನ್ಯಾಸಕರನ್ನು ಕೊಡಬೇಕಾದದ್ದು ಸರ್ಕಾರ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದು ಸಾವಿರಾರು ಅತಿಥಿ ಉಪನ್ಯಾಸಕರ ಬಲದಿಂದ. ಇನ್ನು ಪ್ರಶ್ನೆಪತ್ರಿಕೆ, ಪರೀಕ್ಷೆ, ಫಲಿತಾಂಶ ಇವೆಲ್ಲ ವಿಶ್ವವಿದ್ಯಾಲಯದ ಕೈಯಲ್ಲಿ. ಖಾಲಿ ಕುರ್ಚಿಗೆ ಸರ್ಕಾರ ಕಾರಣ, ಹಳೆಯ ಪಠ್ಯಕ್ಕೆ ವಿಶ್ವವಿದ್ಯಾಲಯ ಕಾರಣ. ಅಂಕ ಕಳೆದುಕೊಳ್ಳುವುದು ಮಾತ್ರ ಕಾಲೇಜು.

ಅಧಿಕಾರ ಕೈಗೆ ಬಂದರೆ ಏನು ಮಾಡಬಹುದು ಎಂಬುದಕ್ಕೆ ಹುಬ್ಬಳ್ಳಿಯಲ್ಲೇ ಉದಾಹರಣೆಯಿದೆ. ಕೆಎಲ್‌ಇ ಸಂಸ್ಥೆ 1947ರಲ್ಲಿ ಆರಂಭಿಸಿದ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ದಶಕಗಳ ಕಾಲ ಕರ್ನಾಟಕ ವಿಶ್ವವಿದ್ಯಾಲಯದ, 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಹುಟ್ಟಿದ ಮೇಲೆ ಅದರ ಪಠ್ಯವನ್ನು ಕಲಿಸಿತು. 2007ರಲ್ಲಿ ಸ್ವಾಯತ್ತವಾಯಿತು, 2015ರಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವೇ ಆಯಿತು. ಮೊದಲ ವರ್ಷದ ವಿದ್ಯಾರ್ಥಿಗಳೇ ತಂಡ ಕಟ್ಟಿಕೊಂಡು, ಒಂದು ಸಮಸ್ಯೆ ಹಿಡಿದು, ಅದಕ್ಕೊಂದು ಮಾದರಿ ಮಾಡಿ ತೋರಿಸುವ ‘ಎಂಜಿನಿಯರಿಂಗ್ ಎಕ್ಸ್‌ಪ್ಲೊರೇಷನ್’ ಎಂಬ ವಿಷಯ ಅಲ್ಲಿನ ಪಠ್ಯದಲ್ಲಿ ಬಂದದ್ದು, ಪಠ್ಯ ಬದಲಿಸಲು ಬೇರೆ ಊರಿನ ಅನುಮತಿ ಬೇಕಾಗಿರಲಿಲ್ಲ ಎಂಬ ಕಾರಣಕ್ಕೇ. ವಿದ್ಯಾರ್ಥಿ ಕೊನೆಗೆ ಏನು ಮಾಡಬಲ್ಲ ಎಂದು ಕೇಳುವ, ತಾಂತ್ರಿಕ ಕೋರ್ಸುಗಳಿಗೆ ಕೊಡುವ ಎನ್‌ಬಿಎ ಮಾನ್ಯತೆಗೆ ಇಂಥ ತರಗತಿಯೇ ಪುರಾವೆ ಒದಗಿಸುತ್ತದೆ.

ದೊಡ್ಡ ಸಂಸ್ಥೆ ಬೆನ್ನಿಗಿರುವ ಎಂಜಿನಿಯರಿಂಗ್ ಕಾಲೇಜಿಗೂ ತಾಲ್ಲೂಕಿನ ಕಲಾ ಕಾಲೇಜಿಗೂ ಎಲ್ಲಿಯ ಹೋಲಿಕೆ ಎಂದು ಯಾರಾದರೂ ಕೇಳಬಹುದು. ಆಕ್ಷೇಪ ಸರಿಯಾದದ್ದೇ. ಎಲ್ಲವೂ ವಿಶ್ವವಿದ್ಯಾಲಯವಾಗಬೇಕಿಲ್ಲ, ಎಲ್ಲಕ್ಕೂ ಪೂರ್ಣ ಸ್ವಾಯತ್ತತೆಯ ಭಾರ ಹೊರುವ ಶಕ್ತಿಯೂ ಇರುವುದಿಲ್ಲ. ಆದರೆ ಪ್ರತಿ ಸೆಮಿಸ್ಟರಿನಲ್ಲಿ ಒಂದೆರಡು ವಿಷಯಗಳನ್ನಾದರೂ ಅಕ್ಕಪಕ್ಕದ ಕಾಲೇಜುಗಳು ಸೇರಿ ರೂಪಿಸಲು ಬಿಟ್ಟುಕೊಟ್ಟರೆ ವಿಶ್ವವಿದ್ಯಾಲಯ ಕಳೆದುಕೊಳ್ಳುವುದೇನೂ ಇಲ್ಲ. ಅಧಿಕಾರ ಇಲ್ಲವೆಂಬುದು ಕೈಕಟ್ಟಿ ಕೂರಲು ನೆಪವಾದೀತು ಎಂಬ ಇನ್ನೊಂದು ಆಕ್ಷೇಪವೂ ನಿಜ. ಯಾವ ಅಧ್ಯಾಯದಲ್ಲಿ ಮಕ್ಕಳು ಎಡವುತ್ತಾರೆ, ಗ್ರಂಥಾಲಯ ಎಷ್ಟು ಹೊತ್ತು ತೆರೆದಿರುತ್ತದೆ, ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದಿ ಮರಳಿ ಬರುತ್ತದೆಯೇ ಎಂದು ನೋಡಲು ಯಾರ ಅಪ್ಪಣೆಯೂ ಬೇಡ. ಕಾಲೇಜಿನ ಐಕ್ಯುಎಸಿ, ಅಂದರೆ ಆಂತರಿಕ ಗುಣಮಟ್ಟ ಕೋಶ, ಇರುವುದು ಇದಕ್ಕಾಗಿಯೇ. ತಂಡದ ಪರಿಶೀಲನೆಗೆ ಮುಂಚಿನ ಆರು ತಿಂಗಳು ಮಾತ್ರ ಅದು ಎಚ್ಚರವಾಗಿದ್ದರೆ ತಪ್ಪು ಕಾಲೇಜಿನದೇ.

2025ರ ಫೆಬ್ರವರಿಯಲ್ಲಿ ಲಂಚದ ಆರೋಪದ ಮೇಲೆ ಸಿಬಿಐ ನ್ಯಾಕ್ ಪರಿಶೀಲನಾ ತಂಡದ ಸದಸ್ಯರನ್ನು ಬಂಧಿಸಿದಾಗ, ಈ ಗ್ರೇಡಿನ ಗೊಡವೆಯೇ ಬೇಡ ಎನ್ನುವವರ ದನಿ ಏರಿದ್ದು ಸಹಜ. ತೂಕದಲ್ಲಿ ಮೋಸವಾಯಿತೆಂದು ತಕ್ಕಡಿಯನ್ನೇ ಎಸೆದರೆ ಲಾಭವಾಗುವುದು ಮೋಸಗಾರನಿಗೆ. ಮಾನ್ಯತೆಯ ಪದ್ಧತಿ ಸುಧಾರಿಸಲು ಕೇಂದ್ರ ಸರ್ಕಾರ ನೇಮಿಸಿದ್ದ ಡಾ. ಕೆ. ರಾಧಾಕೃಷ್ಣನ್ ನೇತೃತ್ವದ ಸಮಿತಿ ಅಕ್ಷರದ ಗ್ರೇಡು ಕೈಬಿಟ್ಟು, ಮಾನ್ಯತೆ ಉಂಟೋ ಇಲ್ಲವೋ ಎಂದಷ್ಟೇ ಹೇಳುವ, ಮುಂದೆ ಐದು ಹಂತಗಳಲ್ಲಿ ಮೇಲೇರುವ ಪದ್ಧತಿಯನ್ನು ಸೂಚಿಸಿದೆ. ಪದ್ಧತಿ ಯಾವುದೇ ಇರಲಿ, ಕಾಲೇಜಿನ ಜೊತೆಗೆ ಅದಕ್ಕೆ ಉಪನ್ಯಾಸಕರನ್ನು ಕೊಡದ ಸರ್ಕಾರದ, ಪಠ್ಯ ಪರಿಷ್ಕರಿಸದ ವಿಶ್ವವಿದ್ಯಾಲಯದ ಲೆಕ್ಕವನ್ನೂ ಅದು ಕೇಳಬೇಕು. ಅಲ್ಲಿಯವರೆಗೆ ಆ ಲೆಕ್ಕ ಕೇಳುವ ಕೆಲಸ ಪಾಲಕರದ್ದು. ನ್ಯಾಕ್‌ಗೆ ಸಲ್ಲಿಸಿದ ಸ್ವಯಂ ವರದಿಯನ್ನು ಕಾಲೇಜು ತನ್ನ ಜಾಲತಾಣದಲ್ಲಿ ಹಾಕಲೇಬೇಕು. ಮಗನನ್ನೋ ಮಗಳನ್ನೋ ಸೇರಿಸುವ ಮುನ್ನ ಅದನ್ನು ತೆರೆಯಿರಿ. ಗ್ರೇಡಿಗಿಂತ ಮೊದಲು, ಕಾಯಂ ಉಪನ್ಯಾಸಕರು ಎಷ್ಟು ಮಂದಿ ಎಂಬ ಸಾಲನ್ನು ಓದಿರಿ.