ಗುರುತು ತಪ್ಪಿದ ಬೆಕ್ಕು

ನಮ್ಮ ಮನೆಯಲ್ಲಿ ಗೌರಿ, ಚುಕ್ಕಿ ಎಂಬ ಎರಡು ಬೆಕ್ಕುಗಳಿವೆ. ಗೌರಿ ತಾಯಿ, ಚುಕ್ಕಿ ಮಗಳು. ಒಂದರ ಕತ್ತಿನ ಮೇಲೆ ಮತ್ತೊಂದು ತಲೆಯಿಟ್ಟು ಒಂದೇ ಗೋಣಿಯ ಮೇಲೆ ಮಲಗುತ್ತಿದ್ದವು. ಗೌರಿಗೆ ಸಂತಾನಹರಣ ಶಸ್ತ್ರಕ್ರಿಯೆ ಹಿಂದೆಯೇ ಆಗಿತ್ತು. ಚುಕ್ಕಿ ದೊಡ್ಡದಾದಾಗ ಅದಕ್ಕೂ ಮಾಡಿಸಿದೆವು. ಸಂಜೆ ಬುಟ್ಟಿಯನ್ನು ತಂದು ನಡುಮನೆಯಲ್ಲಿ ತೆರೆದೆ. ಗೌರಿ ಓಡಿಬಂದು ಮಗಳನ್ನು ಮೂಸಿತು. ಮರುಕ್ಷಣ ಅದರ ಬಾಲದ ರೋಮವೆಲ್ಲ ನಿಮಿರಿತು. ಬುಸುಗುಟ್ಟಿ, ಪಂಜದಿಂದ ಮೂತಿಗೆ ಹೊಡೆಯಿತು. ಅಮಲಿಳಿಯದ ಚುಕ್ಕಿ ತೂರಾಡುತ್ತ ಮಂಚದಡಿ ಸೇರಿತು. ನಾಲ್ಕು ದಿನ ಇದೇ ಪಾಡು. ಒಂದನ್ನು ಯಾರಿಗಾದರೂ ಕೊಟ್ಟುಬಿಡುವುದೇ ಲೇಸೆಂದು ಮನೆಯವರು ಹೇಳಿದರು. ನಾನೂ ಒಪ್ಪುವುದರಲ್ಲಿದ್ದೆ.

ಹೆತ್ತ ತಾಯಿಗೆ ಮಗಳ ಗುರುತು ತಪ್ಪಿದ್ದು ಹೇಗೆ? ತಪ್ಪು ತಾಯಿಯದಲ್ಲ, ನನ್ನದು. ನಾವು ನಮ್ಮವರನ್ನು ಮುಖ ನೋಡಿ ಗುರುತಿಸುತ್ತೇವೆ. ಬೆಕ್ಕಿಗೆ ಕೊನೆಯ ತೀರ್ಮಾನ ಮೂಗಿನದು. ಅದರ ಕೆನ್ನೆ, ಗದ್ದ, ಹಣೆ, ಪಂಜಗಳಲ್ಲಿ ವಾಸನೆ ಸೂಸುವ ಗ್ರಂಥಿಗಳಿವೆ. ಒಟ್ಟಿಗೆ ಬಾಳುವ ಬೆಕ್ಕುಗಳು ಮೈಗೆ ಮೈ ಉಜ್ಜಿ, ಒಂದನ್ನೊಂದು ನೆಕ್ಕಿ, ಮನೆಗೆಲ್ಲ ಒಂದೇ ವಾಸನೆಯನ್ನು ಹಂಚಿಕೊಳ್ಳುತ್ತವೆ. ಆಸ್ಪತ್ರೆಯಿಂದ ಬಂದ ಚುಕ್ಕಿಯ ಮೈಯಲ್ಲಿ ಆ ವಾಸನೆ ಅಡಗಿಹೋಗಿತ್ತು. ಸ್ಪಿರಿಟ್ಟು, ಅರಿವಳಿಕೆ ಔಷಧಿ, ಬೇರೆ ಪ್ರಾಣಿಗಳ ವಾಸನೆ ಅದನ್ನು ಮುಚ್ಚಿದ್ದವು. ಗೌರಿಯ ಪಾಲಿಗೆ ಬಂದದ್ದು ಮಗಳ ರೂಪದ ಯಾರೋ ಪರಕೀಯರು.

ಮೊದಲ ಭೇಟಿ ಕೆಟ್ಟರೆ ಅದರ ನೆನಪು ಉಳಿಯುತ್ತದೆ. ತೆನಾಲಿ ರಾಮಕೃಷ್ಣನ ಬೆಕ್ಕು ಒಮ್ಮೆ ಬಾಯಿ ಸುಟ್ಟುಕೊಂಡು ಹಾಲು ಕಂಡೊಡನೆ ಓಡುತ್ತಿದ್ದ ಕಥೆ ನಮಗೆಲ್ಲ ಗೊತ್ತು. ಆದುದರಿಂದ ಅವಸರ ಕೂಡದು. ಐದನೆಯ ದಿನ ನಾನು ಎಲ್ಲವನ್ನೂ ಮೊದಲಿನಿಂದ ಆರಂಭಿಸಿದೆ.

ಚುಕ್ಕಿಗೆ ಒಂದು ಕೋಣೆ ಬಿಟ್ಟುಕೊಟ್ಟೆವು. ಹೊಲಿಗೆಯ ಗಾಯ ಮಾಯಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಅಷ್ಟು ಕಾಲ ಓಟ, ನೆಗೆತ, ಜಗಳ ಯಾವುದೂ ಸಲ್ಲದು. ಒಳಗೆ ಹಾಸಿಗೆ, ನೀರು, ಮರಳಿನ ತಟ್ಟೆ ಇಟ್ಟೆವು. ಒಂದು ಮೆತ್ತನೆಯ ಬಟ್ಟೆಯಿಂದ ಚುಕ್ಕಿಯ ಕೆನ್ನೆಯನ್ನು ಒರಸಿ ಗೌರಿಯ ಊಟದ ತಟ್ಟೆಯ ಬಳಿ ಇಟ್ಟೆ. ಗೌರಿಯದನ್ನು ಚುಕ್ಕಿಯ ಬಳಿ. ಹಾಸಿಗೆಗಳನ್ನೂ ಅದಲುಬದಲು ಮಾಡಿದೆ. ಮುಚ್ಚಿದ ಬಾಗಿಲಿನ ಎರಡು ಬದಿಗೂ ಊಟವಿಟ್ಟು, ದಿನದಿನಕ್ಕೆ ತಟ್ಟೆಗಳನ್ನು ಬಾಗಿಲ ಸಮೀಪಕ್ಕೆ ಸರಿಸಿದೆ. ಎರಡೂ ಬುಸುಗುಟ್ಟದೆ ಉಣ್ಣತೊಡಗಿದ ಮೇಲೆ ಬಾಗಿಲನ್ನು ನಾಲ್ಕು ಬೆರಳಿನಷ್ಟು ತೆರೆದೆ. ಬುಸುಗುಟ್ಟಿದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಬೇಕು. ಗದರಬಾರದು, ಹಿಡಿದು ಮುಖಾಮುಖಿ ಮಾಡಿಸಬಾರದು.

ವಾಸನೆ ಹೋಗಲೆಂದು ಸ್ನಾನ ಮಾಡಿಸುವವರುಂಟು. ಗಾಯ ನೆನೆಯುವುದು ಅಪಾಯ. ಪೌಡರು ಹಚ್ಚಿದರೆ ಬೆಕ್ಕು ಅದನ್ನು ನೆಕ್ಕುತ್ತದೆ. ನೆಲಕ್ಕೆ ಹಾಕುವ ಫಿನೈಲಂತೂ ಬೆಕ್ಕಿಗೆ ವಿಷವೇ. ಊಟದ ತಟ್ಟೆಗಳು ಬೇರೆಬೇರೆಯಾಗಿರಲಿ. ಮರಳಿನ ತಟ್ಟೆಗಳು ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಲಿ. ಬೆಕ್ಕು ಒಂದು ದಿನ ಕಳೆದರೂ ಆಹಾರ ಮುಟ್ಟದಿದ್ದರೆ, ಗಾಯ ಊದಿಕೊಂಡರೆ, ಅದನ್ನು ಮುನಿಸೆಂದು ಬಗೆಯದೆ ವೈದ್ಯರಲ್ಲಿಗೆ ಒಯ್ಯಬೇಕು. ನೋವಿರುವ ಬೆಕ್ಕು ಯಾರನ್ನೂ ಹತ್ತಿರ ಸೇರಿಸದು.

ಗಂಡುಬೆಕ್ಕುಗಳ ವಿಷಯದಲ್ಲಿ ಇನ್ನಷ್ಟು ತಾಳ್ಮೆ ಬೇಕು. 1973ರಲ್ಲಿ ಹಾರ್ಟ್ ಮತ್ತು ಬ್ಯಾರೆಟ್ ಎಂಬ ಅಮೆರಿಕದ ವಿದ್ವಾಂಸರು ಬೀಜ ತೆಗೆಸಿದ ವಯಸ್ಕ ಗಂಡುಬೆಕ್ಕುಗಳ ನಡತೆಯನ್ನು ಕುರಿತು ಬರೆದರು. ಬಹುಪಾಲು ಬೆಕ್ಕುಗಳಲ್ಲಿ ಕಾಳಗ, ಅಲೆದಾಟ, ಮೂತ್ರ ಸಿಂಪಡಿಸುವ ಚಾಳಿ ಇಳಿದವು. ಆದರೆ ಕೆಲವದರಲ್ಲಿ ಬೇಗನೆ, ಕೆಲವದರಲ್ಲಿ ನಿಧಾನವಾಗಿ. ದೇಹದ ರಸ ಇಳಿದರೂ ರೂಢಿಯಾದ ಜಗಳ ಕೂಡಲೇ ಮರೆಯದು. ಶಸ್ತ್ರಕ್ರಿಯೆಯಾದ ಮೇಲೂ ಕೆಲವು ವಾರ ಗಂಡಿಗೆ ಸಂತಾನಶಕ್ತಿ ಉಳಿದಿರಬಹುದಾದ್ದರಿಂದ, ಶಸ್ತ್ರಕ್ರಿಯೆಯಾಗದ ಹೆಣ್ಣಿನಿಂದ ಅದನ್ನು ದೂರವಿಡುವುದು ಒಳ್ಳೆಯದು.

ನಮ್ಮ ಮನೆಯಲ್ಲಿ ಮೂರನೆಯ ವಾರ ಬಾಗಿಲು ಪೂರ್ತಿ ತೆರೆಯಿತು. ಗೌರಿ ಬಂದು ಮಗಳ ಕಿವಿಯನ್ನು ಬಹಳ ಹೊತ್ತು ಮೂಸಿತು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಆಮೇಲೆ ಅದು ನೆಕ್ಕತೊಡಗಿತು. ಕೊಟ್ಟುಬಿಡಲೆಂದು ಬಾಗಿಲ ಬಳಿ ತೆಗೆದಿರಿಸಿದ್ದ ಬುಟ್ಟಿಯನ್ನು ಆ ಸಂಜೆಯೇ ಅಟ್ಟಕ್ಕೆ ಸೇರಿಸಿದೆ.